ಹೊಸ ಕಾರಿಗೂ ತುಕ್ಕು: ಕಲ್ಲು ಬಡಿದ ಚುಕ್ಕೆಯನ್ನು ಮಳೆಗಾಲಕ್ಕೆ ಮೊದಲೇ ಮುಚ್ಚಿಸಿ

ಉಡುಪಿ: ಹೊಸ ಕಾರು ತೆಗೆದು ವರ್ಷ ಆಗಿರುವುದಿಲ್ಲ, ಬಾನೆಟ್ ಮೇಲೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆಗಳು ಕಾಣಿಸುತ್ತವೆ. ಹತ್ತಿರ ಹೋಗಿ ನೋಡಿದರೆ ಅಷ್ಟು ಜಾಗದಲ್ಲಿ ಪೇಂಟ್ ಹಾರಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರಲ್ಲಿ ಒಂದೆರಡು ಕಂದು ಬಣ್ಣಕ್ಕೆ ತಿರುಗಿರುತ್ತವೆ. "ಈಗಿನ ಕಾರಿನ ಪೇಂಟೇ ಸರಿ ಇಲ್ಲ" ಎಂದು ಬೈದು ಸುಮ್ಮನಾಗುವವರೇ ಹೆಚ್ಚು.

ಆ ಮಾತು ಅರ್ಧ ಮಾತ್ರ ನಿಜ. ತುಕ್ಕಿನ ವಿಷಯದಲ್ಲಿ ಇಂದಿನ ಕಾರಿನ ಬಾಡಿ ಮೂವತ್ತು ವರ್ಷ ಹಿಂದಿನ ಕಾರುಗಳಿಗಿಂತ ಎಷ್ಟೋ ಗಟ್ಟಿ. ಆದರೆ ಆ ರಕ್ಷಣೆ ಇರುವುದು ಪೇಂಟಿನ ಪದರಗಳು ಪೂರ್ತಿ ಇರುವವರೆಗೆ. ಕಲ್ಲು ಬಡಿದು ಲೋಹ ಕಂಡ ಮೇಲೆ ಅದನ್ನು ಮುಚ್ಚುವ ಕೆಲಸ ಮಾಲೀಕನದ್ದು. ವಾರಂಟಿಯಲ್ಲಿ ಅದು ಸಾಮಾನ್ಯವಾಗಿ ಬರುವುದಿಲ್ಲ, ವಿಮೆಯಲ್ಲಿ ಕೇಳಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಇರುತ್ತದೆ, ತೆರಿಗೆಯನ್ನೂ ಒಂದೇ ಸಲ ಕಟ್ಟಿರುತ್ತೇವೆ. ಅಷ್ಟು ವರ್ಷ ಬಾಡಿ ಉಳಿಯಬೇಕಾದರೆ ಯಾವ ಚುಕ್ಕೆಗೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ಗೊತ್ತಿರಬೇಕು.

ಪೇಂಟ್ ಎಂದರೆ ಒಂದೇ ಪದರ ಅಲ್ಲ

ಕಾರ್ಖಾನೆಯಲ್ಲಿ ಬಾಡಿಯ ಶೀಟಿಗೆ ಮೊದಲು ಫಾಸ್ಫೇಟ್‌ನಂತಹ ರಾಸಾಯನಿಕ ಸಂಸ್ಕಾರ ಆಗುತ್ತದೆ. ನಂತರ ಇಡೀ ಬಾಡಿಯನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಪ್ರೈಮರ್ ಹಿಡಿಸುತ್ತಾರೆ. ಇದಕ್ಕೆ ಇ-ಕೋಟ್ ಎನ್ನುತ್ತಾರೆ. ತುಕ್ಕು ತಡೆಯುವ ಮುಖ್ಯ ಪದರ ಇದೇ. ಇದರ ಮೇಲೆ ಇನ್ನೊಂದು ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಯಲ್ಲಿ ಹೊಳಪು ಕೊಡುವ ಕ್ಲಿಯರ್ ಕೋಟ್. ಕೆಲವು ಕಾರ್ಖಾನೆಗಳಲ್ಲಿ ನಡುವಿನ ಪ್ರೈಮರನ್ನು ಕೈಬಿಟ್ಟು ಆ ಕೆಲಸವನ್ನೂ ಬಣ್ಣದ ಪದರಕ್ಕೇ ವಹಿಸುತ್ತಾರೆ.

ಎಲ್ಲಾ ಪದರ ಸೇರಿದರೂ ದಪ್ಪ ಸುಮಾರು 100ರಿಂದ 130 ಮೈಕ್ರಾನ್. ಅಂದರೆ ಜೆರಾಕ್ಸ್ ಹಾಳೆಯ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇ-ಕೋಟ್ ಒಂದೇ ಸುಮಾರು 20 ಮೈಕ್ರಾನ್. ಅದರ ಕೆಳಗಿನ ಶೀಟ್ ಕೂಡ ಬಹುತೇಕ ಕಾರುಗಳಲ್ಲಿ ಒಂದು ಮಿಲಿಮೀಟರ್‌ಗಿಂತ ತೆಳು.

ಹಲವು ಕಾರುಗಳ ಶೀಟಿಗೆ ಸತುವಿನ ಲೇಪ ಇರುತ್ತದೆ. ಗ್ಯಾಲ್ವನೈಸ್ಡ್ ಎಂದು ಶೋರೂಂನಲ್ಲಿ ಹೇಳುವುದು ಇದನ್ನೇ. ಗೀರು ಬಿದ್ದಾಗ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಹಾಗಂತ ಗ್ಯಾಲ್ವನೈಸ್ಡ್ ಎಂದರೆ ತುಕ್ಕೇ ಹಿಡಿಯದು ಎಂದಲ್ಲ. ಸತು ಮುಗಿಯುವವರೆಗೆ ಸಮಯ ಸಿಗುತ್ತದೆ, ಅಷ್ಟೇ. ಎಲ್ಲಾ ಕಾರಿನಲ್ಲಿ ಎಲ್ಲಾ ಭಾಗಕ್ಕೂ ಈ ಲೇಪ ಇರುವುದೂ ಇಲ್ಲ.

ಹೊಸ ಕಾರಿಗೆ ಯಾಕೆ ಹೆಚ್ಚು ಕಾಣುತ್ತದೆ

ಮುಖ್ಯ ಕಾರಣ ರಸ್ತೆ ಮತ್ತು ವೇಗ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಡಿಯುವ ಕಲ್ಲಿನ ಹೊಡೆತಕ್ಕೆ ಹೋಲಿಸಿದರೆ 100 ಕಿ.ಮೀ. ವೇಗದಲ್ಲಿ ಅದರ ಶಕ್ತಿ ಹೆಚ್ಚು ಕಡಿಮೆ ಎರಡೂಮುಕ್ಕಾಲು ಪಟ್ಟು. ಹಿಂದೆ ಇಕ್ಕಟ್ಟಾದ ರಸ್ತೆಯಲ್ಲಿ 50-60ರಲ್ಲಿ ಹೋಗುತ್ತಿದ್ದ ಕಾರುಗಳು ಈಗ ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥದಲ್ಲಿ 80-100ರಲ್ಲಿ ಓಡುತ್ತವೆ. ಮುಂದೆ ಜಲ್ಲಿ, ಜಲ್ಲಿಪುಡಿ ತುಂಬಿದ ಟಿಪ್ಪರ್ ಇದ್ದರೆ ಕೇಳುವುದೇ ಬೇಡ. ಕಾಮಗಾರಿ ನಡೆಯುವ ಕಡೆ, ಡಾಂಬರು ಕಿತ್ತ ಘಾಟಿ ರಸ್ತೆಗಳಲ್ಲಿ ಟಯರ್ ಎಬ್ಬಿಸುವ ಕಲ್ಲು ಸೀದಾ ಹಿಂದಿನ ಕಾರಿನ ಬಾನೆಟ್‌ಗೆ ಬಡಿಯುತ್ತದೆ.

ಎರಡನೆಯದು, ಕಾರಿನ ಸ್ವರೂಪ. ಕಡಿಮೆ ಬೆಲೆಯ ಮಾದರಿಗಳಲ್ಲಿ ಮಡ್‌ಫ್ಲ್ಯಾಪ್ ಹೆಚ್ಚಾಗಿ ಕಾರಿನ ಜತೆ ಬರುವುದಿಲ್ಲ, ಬೇರೆ ತೆಗೆದು ಹಾಕಬೇಕು. ಅದಿಲ್ಲದಿದ್ದರೆ ಮುಂದಿನ ಚಕ್ರದ ಕಲ್ಲು ತನ್ನದೇ ಬಾಗಿಲಿನ ಕೆಳಭಾಗಕ್ಕೆ, ಹಿಂಚಕ್ರದ ಮುಂದಿನ ಅಂಚಿಗೆ ಬಡಿಯುತ್ತದೆ.

ಕರಾವಳಿಯಲ್ಲಿ ತುಕ್ಕಿಗೆ ಅವಸರ

ತುಕ್ಕಿಗೆ ಕಬ್ಬಿಣ, ಗಾಳಿ ಮತ್ತು ನೀರು ಸಾಕು. ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60 ದಾಟಿದರೆ ತುಕ್ಕು ಚುರುಕಾಗುತ್ತದೆ. ಉಡುಪಿ, ಮಂಗಳೂರು, ಕಾರವಾರದಂತಹ ಊರುಗಳಲ್ಲಿ ವರ್ಷದ ಬಹುಪಾಲು ದಿನ ಅದಕ್ಕಿಂತ ಹೆಚ್ಚೇ ಇರುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಸಮುದ್ರದ ನೀರಿನಲ್ಲಿ ಶೇ. 3.5ರಷ್ಟು ಉಪ್ಪು. ತೆರೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ಒಳನಾಡಿಗೂ ಬರುತ್ತವೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಅರಬ್ಬೀ ಸಮುದ್ರ. ಅಲ್ಲಿ ಗ್ಲಾಸಿನ ಮೇಲೆ ಕೂರುವ ಅಂಟು ಅಂಟು ಪದರ ಇದೇ ಉಪ್ಪು. ಮೀನಿನ ಲಾರಿಗಳಿಂದ ರಸ್ತೆಗೆ ಸೋರುವ ನೀರಿನಲ್ಲೂ ಉಪ್ಪಿರುತ್ತದೆ, ಅದು ಎರಚುವುದು ಕಾರಿನ ಅಡಿಗೆ.

ಲೋಹದ ಭಾಗಗಳ ಬಾಳಿಕೆ ನೋಡಲು ಪ್ರಯೋಗಾಲಯಗಳಲ್ಲಿ ಬಳಸುವ ಸಾಲ್ಟ್ ಸ್ಪ್ರೇ ಪರೀಕ್ಷೆಯಲ್ಲಿ ಶೇ. 5ರ ಉಪ್ಪುನೀರನ್ನು 35 ಡಿಗ್ರಿ ಬಿಸಿಯಲ್ಲಿ ಮಂಜಿನಂತೆ ಬಿಡುತ್ತಾರೆ. ಮೇ ತಿಂಗಳ ಕಡಲ ತೀರ ಅದರ ಸೌಮ್ಯ ರೂಪ ಎಂದರೆ ತಪ್ಪಿಲ್ಲ.

ತುಕ್ಕಿನ ಇನ್ನೊಂದು ಗುಣ ಅದು ಉಬ್ಬುವುದು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಹಾಗಾಗಿ ಚುಕ್ಕೆಯ ಸುತ್ತಲಿನ ಒಳ್ಳೆಯ ಪೇಂಟನ್ನೂ ಅಡಿಯಿಂದ ಎಬ್ಬಿಸುತ್ತಾ ಹೋಗುತ್ತದೆ. ಮೇಲೆ ಎರಡು ಮಿಲಿಮೀಟರ್ ಕಂಡರೆ ಒಳಗೆ ಅದಕ್ಕಿಂತ ದೊಡ್ಡದಿರುತ್ತದೆ. ಕಾದಷ್ಟೂ ಖರ್ಚು ಬೆಳೆಯುವುದು ಇದಕ್ಕೇ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಮೊದಲು ಚುಕ್ಕೆ ಎಷ್ಟು ಆಳ ಎಂದು ನೋಡಿ. ಕಾರು ತೊಳೆದು ಒಣಗಿಸಿ, ಬೆಳಗಿನ ಬೆಳಕಿನಲ್ಲಿ ಪರೀಕ್ಷಿಸಬೇಕು.

ಬಣ್ಣ ಹಾಗೇ ಇದ್ದು ಹೊಳಪು ಮಾತ್ರ ಹೋಗಿದ್ದರೆ ಪೆಟ್ಟು ಕ್ಲಿಯರ್ ಕೋಟ್‌ವರೆಗೆ ಮಾತ್ರ. ಅವಸರ ಇಲ್ಲ.

ಬೂದು, ಕಪ್ಪು ಅಥವಾ ಮಾಸಲು ಬಿಳಿ ಪದರ ಕಂಡರೆ ಅದು ಪ್ರೈಮರ್ ಇರಬಹುದು. ಲೋಹ ಇನ್ನೂ ಮುಚ್ಚಿದೆ. ಆದರೂ ಮಳೆಗೆ ಮೊದಲು ಮುಚ್ಚುವುದು ಒಳ್ಳೆಯದು.

ಬೆಳ್ಳಿಯಂತೆ ಹೊಳೆಯುವ ಲೋಹ ಕಂಡರೆ ಅದೇ ವಾರ ಮುಚ್ಚಬೇಕು. ಕಂದು ಬಣ್ಣ ಬಂದಿದ್ದರೆ ತುಕ್ಕು ತೆಗೆಯದೆ ಮೇಲೆ ಬಣ್ಣ ಹಚ್ಚಬಾರದು. ಸುತ್ತ ಪೇಂಟ್ ಗುಳ್ಳೆಯಂತೆ ಎದ್ದಿದ್ದರೆ ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಇನ್ನು ಸುಮ್ಮನೆ ಹೆದರಿಸುವ ಕೆಲವು ಸಂಗತಿಗಳು:

ಬಂಪರ್: ಈಗಿನ ಬಹುತೇಕ ಕಾರುಗಳ ಬಂಪರ್ ಪ್ಲಾಸ್ಟಿಕ್. ಪೇಂಟ್ ಹಾರಿದರೆ ಚಂದ ಕೆಡುತ್ತದೆ, ತುಕ್ಕು ಹಿಡಿಯುವುದಿಲ್ಲ.

ಬ್ರೇಕ್ ಡಿಸ್ಕ್: ರಾತ್ರಿ ಮಳೆ ಬಂದು ಬೆಳಿಗ್ಗೆ ಡಿಸ್ಕ್ ಕೆಂಪಾಗಿದ್ದರೆ ಅದು ಎರಕದ ಕಬ್ಬಿಣದ ಮೇಲಿನ ತುಕ್ಕು. ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ಬಿಳಿ ಕಾರಿನ ಕಿತ್ತಳೆ ಚುಕ್ಕೆಗಳು: ಬಾಡಿಯ ತುಂಬ ಸೂಜಿಮೊನೆಯಷ್ಟು ಕಿತ್ತಳೆ ಚುಕ್ಕೆಗಳಿದ್ದು, ಮುಟ್ಟಿದರೆ ದೊರಗು ಎನಿಸಿದರೆ ಅವು ಹೆಚ್ಚಾಗಿ ಹೊರಗಿನಿಂದ ಬಂದು ಅಂಟಿದ ಕಬ್ಬಿಣದ ಕಣಗಳು. ರೈಲು ಹಳಿಯ ಹತ್ತಿರ, ಗೇಟು-ಗ್ರಿಲ್ ಮಾಡುವ ಫ್ಯಾಬ್ರಿಕೇಶನ್ ಅಂಗಡಿಯ ಎದುರು ನಿಲ್ಲಿಸಿದರೆ ಹೀಗಾಗುತ್ತದೆ. ಗ್ರೈಂಡರ್ ಕಿಡಿ ಬಿಸಿಯಾಗಿ ಬಂದು ಕ್ಲಿಯರ್ ಕೋಟ್‌ಗೆ ಕಚ್ಚುತ್ತದೆ. ಐರನ್ ರಿಮೂವರ್ ಅಥವಾ ಕ್ಲೇ ಬಾರ್‌ನಿಂದ ತೆಗೆಯಬಹುದು. ಸ್ಕ್ರಬ್ಬರ್ ಹಾಕಿ ಉಜ್ಜಬೇಡಿ.

ಅಲ್ಯೂಮಿನಿಯಂ ಭಾಗ: ಕೆಲವು ಕಾರುಗಳ ಬಾನೆಟ್ ಅಲ್ಯೂಮಿನಿಯಂನದ್ದು. ಆಯಸ್ಕಾಂತ ಹಿಡಿದರೆ ಅಂಟುವುದಿಲ್ಲ. ಕೆಂಪು ತುಕ್ಕು ಬರದು, ಆದರೆ ಪೇಂಟಿನ ಅಡಿಯಲ್ಲಿ ಬಿಳಿ ಪುಡಿಯಂತಾಗಿ ಗುಳ್ಳೆ ಏಳಬಹುದು.

ಕಣ್ಣಿಗೆ ಕಾಣದ ಜಾಗವೇ ಹೆಚ್ಚು ಅಪಾಯ

ಬಾನೆಟ್ ಮೇಲಿನ ಚುಕ್ಕೆ ದಿನಾ ಕಾಣುತ್ತದೆ. ಕಾರನ್ನು ನಿಜವಾಗಿ ತಿನ್ನುವ ತುಕ್ಕು ಕಾಣದ ಕಡೆ ಶುರುವಾಗುತ್ತದೆ.

ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ರಂಧ್ರಗಳಿರುತ್ತವೆ. ಕೆಸರು ಕೂತು ಅವು ಮುಚ್ಚಿದರೆ ಗ್ಲಾಸಿನಿಂದ ಇಳಿದ ನೀರು ಬಾಗಿಲಿನ ಒಳಗೇ ನಿಲ್ಲುತ್ತದೆ. ಬಾಗಿಲು ಅಲುಗಿಸಿದಾಗ ಕುಲುಕುಲು ಶಬ್ದ ಬಂದರೆ ರಂಧ್ರ ಕಟ್ಟಿದೆ ಎಂದರ್ಥ. ಮುಂದಿನ ಗ್ಲಾಸಿನ ಬುಡದಲ್ಲಿ, ವೈಪರ್ ಅಡಿಯ ಜಾಲರಿಯಲ್ಲಿ ಮಾವು, ಹಲಸಿನ ಎಲೆ ಕೊಳೆತು ನೀರು ಹೋಗುವ ದಾರಿ ಕಟ್ಟುವುದೂ ಮಾಮೂಲು. ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಕೆಸರು ಕೂತು ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ.

ಮಳೆಗಾಲದಲ್ಲಿ ಒದ್ದೆ ಚಪ್ಪಲಿ, ಕೊಡೆಯ ನೀರಿನಿಂದ ಕಾರ್ಪೆಟ್ ನೆನೆಯುತ್ತದೆ. ಮೇಲಿನ ರಬ್ಬರ್ ಮ್ಯಾಟ್ ಒಣಗಿ ಕಂಡರೂ ಅಡಿಯ ಸ್ಪಂಜು ಒದ್ದೆಯೇ ಇರುತ್ತದೆ. ನೆಲದ ಶೀಟಿಗೆ ತುಕ್ಕು ಹಿಡಿಯುವುದು ಒಳಗಿನಿಂದ. ಸ್ಟೆಪ್ನಿ ಇಡುವ ಗುಂಡಿಯನ್ನೂ ತೆರೆದು ನೋಡಿ.

ಕಾರು ತೆಗೆದ ಕೂಡಲೇ ಮಡ್‌ಫ್ಲ್ಯಾಪ್, ಹೆಚ್ಚುವರಿ ಲೈಟ್, ಸೈಡ್ ಸ್ಟೆಪ್ ಹಾಕಿಸುವಾಗ ಲೋಹಕ್ಕೆ ಡ್ರಿಲ್ ಹೊಡೆಯುತ್ತಾರೆ. ಆ ರಂಧ್ರದ ಅಂಚಿನಲ್ಲಿ ಯಾವ ಪದರವೂ ಉಳಿಯುವುದಿಲ್ಲ. ಕಂಪನಿಯೇ ಕೊಟ್ಟ ರಂಧ್ರ ಅಥವಾ ಕ್ಲಿಪ್ ಬಳಸುವ ಸಾಮಾನನ್ನೇ ಕೇಳಿ. ಡ್ರಿಲ್ ಮಾಡಲೇಬೇಕಾದರೆ ಅಂಚಿಗೆ ಪ್ರೈಮರ್ ಹಚ್ಚಿದ ಮೇಲೆಯೇ ಸ್ಕ್ರೂ ಹಾಕಲು ಹೇಳಿ.

ಬಾಗಿಲಿನ ಅಡಿಯ ಪಟ್ಟಿ, ನೆಲದ ಶೀಟ್, ಸಸ್ಪೆನ್ಶನ್ ಕೂರುವ ಜಾಗ, ಸೀಟ್ ಬೆಲ್ಟ್ ಬಿಗಿಯುವ ಜಾಗ ಇವೆಲ್ಲ ಅಪಘಾತದಲ್ಲಿ ಒಳಗಿದ್ದವರನ್ನು ಕಾಯುವ ಭಾಗಗಳು. ಇಲ್ಲಿ ತುಕ್ಕು ಹಿಡಿದರೆ ಕೆಡುವುದು ಚಂದ ಮಾತ್ರ ಅಲ್ಲ.

ಸಣ್ಣ ಚುಕ್ಕೆ ಮನೆಯಲ್ಲೇ ಮುಚ್ಚುವ ಕ್ರಮ

ಕಾರಿನ ಬಣ್ಣಕ್ಕೆ ಒಂದು ಕೋಡ್ ಇರುತ್ತದೆ. ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಸ್ಟಿಕ್ಕರಿನಲ್ಲಿ ಅಥವಾ ಬಾನೆಟ್ ಅಡಿಯ ಪ್ಲೇಟಿನಲ್ಲಿ ಸಿಗುತ್ತದೆ. ಸಿಗದಿದ್ದರೆ ಶೋರೂಂನ ಸ್ಪೇರ್ ಪಾರ್ಟ್ಸ್ ವಿಭಾಗದಲ್ಲಿ ಕೇಳಿ. ಆ ಕೋಡಿನ ಟಚ್‌ಅಪ್ ಬಾಟಲಿಯನ್ನೇ ತೆಗೆದುಕೊಳ್ಳಿ. "ಬಿಳಿ" ಎಂದು ಕೇಳಿ ತಂದರೆ ಹೊಂದುವುದಿಲ್ಲ, ಬಿಳಿಯಲ್ಲೇ ಹತ್ತಾರು ಇವೆ.

1. ಮೋಡ, ಮಳೆ ಇಲ್ಲದ ದಿನ ಆರಿಸಿ. ಕಾರು ನೆರಳಿನಲ್ಲಿರಲಿ, ಬಾನೆಟ್ ಬಿಸಿ ಇರಬಾರದು.

2. ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿ. ಚುಕ್ಕೆಯ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಮೇಣ, ಎಣ್ಣೆ ತೆಗೆಯಿರಿ.

3. ಕಂದು ಬಂದಿದ್ದರೆ ನಯವಾದ ಪಾಲಿಶ್ ಪೇಪರನ್ನು ಪೆನ್ಸಿಲ್ ಹಿಂಬದಿಗೆ ಅಂಟಿಸಿ, ಚುಕ್ಕೆಯೊಳಗೆ ಮಾತ್ರ ಮೆಲ್ಲಗೆ ತಿರುಗಿಸಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ಮೂಲೆಯಲ್ಲಿ ತುಕ್ಕು ಉಳಿದರೆ ರಸ್ಟ್ ಕನ್ವರ್ಟರ್ ಒಂದು ಹನಿ ಹಾಕಿ, ಬಾಟಲಿಯಲ್ಲಿ ಬರೆದಷ್ಟು ಹೊತ್ತು ಬಿಡಿ.

4. ಟೂತ್‌ಪಿಕ್ ತುದಿಯಿಂದ ಪ್ರೈಮರ್ ತೆಳುವಾಗಿ ಇಡಿ. ಲೋಹ ಕಾಣುತ್ತಿದ್ದರೆ ಪ್ರೈಮರ್ ಬಿಡಲೇಬಾರದು.

5. ಒಣಗಿದ ಮೇಲೆ ಬಣ್ಣವನ್ನು ಎರಡು-ಮೂರು ತೆಳು ಪದರಗಳಲ್ಲಿ ಇಡಿ. ಒಂದೇ ಸಲ ದಪ್ಪ ಹಾಕಿದರೆ ಒಳಗೆ ಒಣಗದೆ ಕುಗ್ಗುತ್ತದೆ. ಕೊನೆಗೆ ಕ್ಲಿಯರ್ ಕೋಟ್.

6. ಒಂದು ವಾರ ವ್ಯಾಕ್ಸ್, ಪ್ರೆಷರ್ ವಾಶ್ ಬೇಡ.

ಹತ್ತಿರ ಹೋದರೆ ಗುರುತು ಕಾಣುತ್ತದೆ, ಚಿಂತಿಲ್ಲ. ಉದ್ದೇಶ ಲೋಹ ಮುಚ್ಚುವುದು. ಜೋರು ಮಳೆ ಹಿಡಿದಿದ್ದು ಈ ಕೆಲಸಕ್ಕೆ ದಿನ ಸಿಗದಿದ್ದರೆ, ತುಕ್ಕು ಹಿಡಿಯದ ಚುಕ್ಕೆಯನ್ನು ಹೇರ್ ಡ್ರೈಯರ್‌ನಿಂದ ಒಣಗಿಸಿ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ ತಾತ್ಕಾಲಿಕವಾಗಿ ಮುಚ್ಚಬಹುದು. ಬಿಸಿಲು ಬಂದ ಮೇಲೆ ಅದನ್ನು ತೆಗೆದು ಸರಿಯಾಗಿ ಮಾಡಬೇಕು. ತುಕ್ಕಿನ ಮೇಲೆ ನೇಲ್ ಪಾಲಿಶ್ ಹಚ್ಚಿದರೆ ತುಕ್ಕು ಅಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ.

ಗುಳ್ಳೆ ಎದ್ದ ಜಾಗವನ್ನು ಟಿಂಕರಿಂಗ್-ಪೇಂಟಿಂಗ್‌ನವರಿಗೆ ತೋರಿಸಿ. ಪೇಂಟ್ ಕೆರೆದು, ಲೋಹ ಶುದ್ಧ ಮಾಡಿ, ಎಪಾಕ್ಸಿ ಪ್ರೈಮರ್ ಹೊಡೆದ ಮೇಲೆಯೇ ಪುಟ್ಟಿ, ಬಣ್ಣ ಎಂದು ಮೊದಲೇ ಮಾತಾಡಿಕೊಳ್ಳಿ. ತುಕ್ಕಿನ ಮೇಲೆ ಸೀದಾ ಪುಟ್ಟಿ ಮೆತ್ತಿದರೆ ಮರುವರ್ಷ ಅದೇ ಜಾಗದಲ್ಲಿ ಮತ್ತೆ ಗುಳ್ಳೆ ಏಳುತ್ತದೆ. ಕೆಲಸ ನಡೆಯುವಾಗ ಒಮ್ಮೆ ಹೋಗಿ ನೋಡಿ, ಫೋಟೊ ತೆಗೆದುಕೊಳ್ಳಿ.

ಕೋಟಿಂಗ್‌ನಲ್ಲಿ ಯಾವುದು ಎಷ್ಟಕ್ಕೆ

ಶೋರೂಂನಲ್ಲಿ ಕಾರು ಕೊಡುವಾಗಲೇ ಟೆಫ್ಲಾನ್, ಸೆರಾಮಿಕ್, ಅಂಡರ್‌ಬಾಡಿ ಎಂದು ಪಟ್ಟಿ ಹೇಳುತ್ತಾರೆ. ಟೆಫ್ಲಾನ್, ಸೆರಾಮಿಕ್ ಕೋಟಿಂಗ್ ಹೊಳಪಿಗೆ, ನೀರು ಜಾರಲು, ತೊಳೆಯಲು ಸುಲಭವಾಗಲು ಒಳ್ಳೆಯದು. ಅವುಗಳ ಪದರ ಬಹಳ ತೆಳು, ಕಲ್ಲಿನ ಪೆಟ್ಟು ತಡೆಯುವುದಿಲ್ಲ. ಪೆಟ್ಟು ತಡೆಯುವುದು ಪಿಪಿಎಫ್ ಎಂಬ ಪಾರದರ್ಶಕ ಫಿಲ್ಮ್. ಇದು ಸಾಮಾನ್ಯವಾಗಿ 150-200 ಮೈಕ್ರಾನ್ ದಪ್ಪ, ಅಂದರೆ ಇಡೀ ಪೇಂಟಿಗಿಂತ ಹೆಚ್ಚು. ಪೂರ್ತಿ ಕಾರಿಗೆ ದುಬಾರಿ. ಬಾನೆಟ್‌ನ ಮುಂಭಾಗ, ಕನ್ನಡಿಯ ಹಿಂಬದಿ, ಬಾಗಿಲಿನ ಅಂಚು, ಹಿಂಚಕ್ರದ ಮುಂದಿನ ಜಾಗ ಇಷ್ಟಕ್ಕೆ ಹಾಕಿಸಿದರೂ ಹೆಚ್ಚಿನ ಪೆಟ್ಟು ತಪ್ಪುತ್ತದೆ.

ಅಂಡರ್‌ಬಾಡಿ ಕೋಟಿಂಗ್ ಕರಾವಳಿಗೆ ಉಪಯೋಗವೇ. ಆದರೆ ಅಡಿ ತೊಳೆದು ಒಣಗಿಸದೆ ಹೊಡೆದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ನೀರು ಹೋಗುವ ರಂಧ್ರಗಳ ಮೇಲೂ ಹೊಡೆದರೆ ಇನ್ನೂ ತೊಂದರೆ. ಹೊಡೆಸುವ ಮೊದಲು ವಾರಂಟಿಗೆ ಅಡ್ಡಿ ಆಗುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ.

ವಾರಂಟಿ, ವಿಮೆ: ಕೈಗೆ ಬರುವುದೆಷ್ಟು

ವಾರಂಟಿ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎರಡು ವಿಷಯ ಬೇರೆ ಬೇರೆ ಇರುತ್ತವೆ. ಒಂದು ಮೇಲ್ಮೈ ತುಕ್ಕು, ಇನ್ನೊಂದು ಶೀಟ್ ಒಳಗಿನಿಂದ ತೂತು ಬೀಳುವುದು. ತೂತು ಬಿದ್ದರೆ ಮಾತ್ರ ಅನ್ವಯಿಸುವ ವಾರಂಟಿಯನ್ನು ಎಲ್ಲಾ ತುಕ್ಕಿಗೂ ಎಂದು ತಿಳಿಯಬೇಡಿ. ಕಲ್ಲಿನ ಪೆಟ್ಟು, ಉಪ್ಪು, ಹಕ್ಕಿ ಹಿಕ್ಕೆ, ಮರದ ಅಂಟು ಇವು ಹೊರಗಿನ ಕಾರಣ ಎಂದು ಹೊರಗಿಡುವುದು ರೂಢಿ. ಅವಧಿ, ಷರತ್ತು ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ಕಾರಿನ ಪುಸ್ತಕದ ಆ ಪುಟ ಒಮ್ಮೆ ಓದಿ.

ಆದರೆ ಯಾವ ಪೆಟ್ಟೂ ಇಲ್ಲದೆ ಪೇಂಟ್ ಹಾಳೆಯಂತೆ ಎದ್ದರೆ, ಬಾಗಿಲಿನ ಶೀಟ್ ಮಡಚಿದ ಅಂಚಿನಲ್ಲಿ, ಎರಡೂ ಬದಿ ಒಂದೇ ಜಾಗದಲ್ಲಿ ಗುಳ್ಳೆ ಬಂದರೆ ಅದು ತಯಾರಿಕೆಯ ದೋಷ ಇರಬಹುದು. ಕಲ್ಲಿನ ಪೆಟ್ಟಿಗೆ ಸಣ್ಣ ಕುಳಿಯ ಆಕಾರ ಇರುತ್ತದೆ, ದೋಷದ ಗುಳ್ಳೆಗೆ ಕುಳಿ ಇರುವುದಿಲ್ಲ. ಇಂಥದ್ದನ್ನು ವಾರಂಟಿ ಅವಧಿಯೊಳಗೆ ಫೋಟೊ ಸಮೇತ ಬರಹದಲ್ಲಿ ತಿಳಿಸಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಬಾಯಿಮಾತಿಗೆ ದಾಖಲೆ ಇಲ್ಲ.

ವಿಮೆಯ ಲೆಕ್ಕ ಒಂದು ಉದಾಹರಣೆಯಿಂದ ನೋಡಬಹುದು. 1500 ಸಿಸಿ ಒಳಗಿನ ಕಾರು, ಸಾಮಾನ್ಯ ಪ್ಯಾಕೇಜ್ ಪಾಲಿಸಿ, ಬಾನೆಟ್ ಪೇಂಟಿಂಗ್ ಬಿಲ್ 6,000 ರೂ. ಎಂದುಕೊಳ್ಳಿ. ಒಟ್ಟು ಬಿಲ್ಲಿನ ಶೇ. 25 ಅನ್ನು ಪೇಂಟಿನ ಸಾಮಗ್ರಿ ಎಂದು ಹಿಡಿದು, ಅದರ ಅರ್ಧ ಸವಕಳಿ ಕಳೆಯುತ್ತಾರೆ: 750 ರೂ. ಕಡ್ಡಾಯ ಕಡಿತ 1,000 ರೂ. ಕೈಗೆ ಬರುವುದು 4,250 ರೂ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯುತ್ತದೆ. ಮೂರು ವರ್ಷ ಕ್ಲೇಮ್ ಇಲ್ಲದವರಿಗೆ ಶೇ. 35 ಬೋನಸ್. ಸ್ವಂತ ಹಾನಿಯ ಪ್ರೀಮಿಯಂ 10,000 ರೂ. ಇದ್ದರೆ 3,500 ರೂ. ಅಲ್ಲೇ ಹೋಯಿತು. ಮರುವರ್ಷ ಶೇ. 45ರ ಬದಲು ಶೇ. 20ರಿಂದ ಮತ್ತೆ ಶುರು. ಸಣ್ಣ ಚುಕ್ಕೆಗೆ ಕೈಯಿಂದ ಖರ್ಚು ಮಾಡುವುದೇ ಲಾಭ.

ನಿಜವಾದ ದೋಷಕ್ಕೆ ಸ್ಪಂದನೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಕೊಟ್ಟ ಬೆಲೆ 50 ಲಕ್ಷ ರೂ. ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು.

ವರ್ಷಕ್ಕೆ ಮೂರು ಸಲ ನೋಡಿಕೊಂಡರೆ ಸಾಕು

ಮೇ: ಮಳೆಗೆ ಮೊದಲು ಇಡೀ ಬಾಡಿ ನೋಡಿ ಚುಕ್ಕೆ ಮುಚ್ಚಿಸಿ. ಬಾಗಿಲಿನ ರಂಧ್ರ, ವೈಪರ್ ಅಡಿಯ ಎಲೆ ತೆಗೆಯಿರಿ. ಅಂಡರ್‌ಬಾಡಿ ಕೆಲಸ ಇದ್ದರೆ ಈಗಲೇ ಮಾಡಿಸಿ.

ಜೂನ್‌ನಿಂದ ಸೆಪ್ಟೆಂಬರ್: ಹದಿನೈದು ದಿನಕ್ಕೊಮ್ಮೆ ಕಾರಿನ ಅಡಿ, ಚಕ್ರದ ಗೂಡು ಸಿಹಿನೀರಿನಲ್ಲಿ ತೊಳೆಯಿರಿ. "ಮಳೆಗೆ ತೊಳೆದು ಹೋಗ್ತದೆ" ಎಂಬುದು ಮೇಲ್ಭಾಗಕ್ಕೆ ಮಾತ್ರ ನಿಜ. ಗಾಳಿಯಾಡದ ಟರ್ಪಾಲು ಬಿಗಿಯಾಗಿ ಹೊದೆಸಬೇಡಿ. ವಾರಕ್ಕೊಮ್ಮೆಯಾದರೂ ಮ್ಯಾಟ್ ಎತ್ತಿ ಒಣಗಿಸಿ.

ಅಕ್ಟೋಬರ್: ಮಳೆ ನಿಂತ ಮೇಲೆ ಲಿಫ್ಟಿಗೆ ಏರಿಸಿ ಅಡಿ ನೋಡಿ. ಸರ್ವಿಸ್‌ಗೆ ಬಿಟ್ಟಾಗಲೇ ಕೇಳಿದರೆ ತೋರಿಸುತ್ತಾರೆ.

ಬೀಚಿಗೆ ಹೋಗಿ ಬಂದರೆ ಅದೇ ದಿನ ಅಡಿ ತೊಳೆಯಿರಿ. ಮರಳಿನ ಮೇಲೆ, ತೆರೆಯ ಅಂಚಿನಲ್ಲಿ ಕಾರು ಓಡಿಸುವುದಂತೂ ಬೇಡವೇ ಬೇಡ. ಹೆದ್ದಾರಿಯಲ್ಲಿ ಟಿಪ್ಪರ್ ಹಿಂದೆ ಅಂಟಿಕೊಂಡು ಹೋಗಬೇಡಿ. 80 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡಿನ ಅಂತರ ಎಂದರೆ ಸುಮಾರು 65 ಮೀಟರ್. ಹಿಂದಿಕ್ಕಲು ಜಾಗ ಇದ್ದರೆ ಹಿಂದಿಕ್ಕಿ, ಇಲ್ಲದಿದ್ದರೆ ಎರಡು ನಿಮಿಷ ತಡೆದು ಹೋಗಿ.

ಇವತ್ತು ಟಚ್‌ಅಪ್ ಬಾಟಲಿಯಲ್ಲಿ ಮುಗಿಯುವ ಕೆಲಸ ಎರಡು ಮಳೆಗಾಲ ಬಿಟ್ಟರೆ ಪೂರ್ತಿ ಬಾನೆಟ್ ಪೇಂಟಿಂಗ್‌ಗೆ ಹೋಗುತ್ತದೆ, ಅದನ್ನೂ ಬಿಟ್ಟರೆ ಶೀಟ್ ಕತ್ತರಿಸಿ ವೆಲ್ಡಿಂಗ್ ಮಾಡಬೇಕಾಗುತ್ತದೆ. ಈ ಭಾನುವಾರ ಕಾರು ತೊಳೆಯುವಾಗ ಬಾನೆಟ್‌ನ ಮುಂಭಾಗ ಮತ್ತು ಬಾಗಿಲಿನ ಕೆಳ ಅಂಚನ್ನು ಕೈಯಾಡಿಸಿ ನೋಡಿ.